2520 ‘ವಿಚಿತ್ರ ಸಂಖ್ಯೆ’ಯೇ? ಫಾರ್ವರ್ಡ್ ಮಾಡುವ ಮುನ್ನ ಭಾಗಿಸಿ ನೋಡಿ

ಭದ್ರಾವತಿಯಲ್ಲಿರುವ ನನ್ನ ಅಕ್ಕನ ಮಗಳು ಎಂಟನೇ ತರಗತಿ. ಡಿಸೆಂಬರ್ 22, ಅಂದರೆ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. ಅಂದಿನ ಭಾಷಣಕ್ಕೆ ತಯಾರಾಗುತ್ತಿದ್ದವಳು ಮನೆಯ ವಾಟ್ಸಾಪ್ ಗುಂಪಿಗೆ ಬಂದ ಸಂದೇಶವೊಂದನ್ನು ಶಿವಮೊಗ್ಗದಲ್ಲಿರುವ ನನಗೆ ಕಳಿಸಿದಳು. “ಚಿಕ್ಕಿ, ಇದು ನಿಜಾನಾ? ಭಾಷಣದಲ್ಲಿ ಹೇಳ್ಲಾ?”

ಸಂದೇಶದಲ್ಲಿ ಏನಿದೆ?

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಏಕೈಕ ಸಂಖ್ಯೆ 2520. ವಿದ್ವಾಂಸರಿಗೆ ಸಿಗದ ಇದನ್ನು ರಾಮಾನುಜನ್ ಕಂಡುಹಿಡಿದರು. ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೆ 2520 ಬರುವುದೇ ಇದರ ಗುಟ್ಟು.

ಎಷ್ಟು ನಿಜ?

2520 ಹಾಗೆ ಭಾಗವಾಗುವುದು ನಿಜ. ‘ಏಕೈಕ’ ಎಂಬುದು ಸುಳ್ಳು. 5040, 7560, 10080 ಹೀಗೆ 2520ರ ಯಾವ ಗುಣಕವನ್ನು ತೆಗೆದುಕೊಂಡರೂ ಭಾಗವಾಗುತ್ತದೆ. ಇವಕ್ಕೆ ಕೊನೆಯೇ ಇಲ್ಲ. 2520 ಇವುಗಳಲ್ಲಿ ಅತಿ ಚಿಕ್ಕದು, ಅಷ್ಟೆ. ಶಾಲೆಯಲ್ಲಿ ಕಲಿತ ಲ.ಸಾ.ಅ. ಇದೇ.

7×30×12 ಗುಣಾಕಾರ ಸರಿ. ಆದರೆ ಗುಟ್ಟು ಕ್ಯಾಲೆಂಡರಿನಲ್ಲಿಲ್ಲ, ಅಪವರ್ತನಗಳಲ್ಲಿದೆ: 8×9×5×7 = 2520. 8ರೊಳಗೆ 2 ಮತ್ತು 4 ಇವೆ, 9ರೊಳಗೆ 3 ಇದೆ. 2 ಮತ್ತು 3 ಸೇರಿ 6, 2 ಮತ್ತು 5 ಸೇರಿ 10.

ಇದು ಯಾರಿಗೂ ಸಿಗದ ಲೆಕ್ಕವೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಲ.ಸಾ.ಅ.ವನ್ನು ‘ನಿರುದ್ಧ’ ಎಂದು ಕರೆದು ವಿಧಾನ ಹೇಳಿದ್ದಾನೆ.

ರಾಮಾನುಜನ್ ಮಾಡಿದ್ದೇನು?

ಫಾರ್ವರ್ಡ್‌ನಲ್ಲಿ ಇರುವುದಕ್ಕಿಂತ ಬಹಳ ದೊಡ್ಡ ಕೆಲಸ. ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳಿರುವ ಸಂಖ್ಯೆಗಳ ಬಗ್ಗೆ 1915ರಲ್ಲಿ ಅವರು ದೀರ್ಘ ಪ್ರಬಂಧ ಪ್ರಕಟಿಸಿದರು. 48 ಅಪವರ್ತನಗಳಿರುವ 2520 ಆ ಗುಂಪಿನ ಒಂದು ಸಂಖ್ಯೆ ಮಾತ್ರ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರ ಪಟ್ಟಿ 67,46,32,83,88,800ರವರೆಗೆ ಹೋಯಿತು. ಅದಕ್ಕೆ 10,080 ಅಪವರ್ತನಗಳು!

ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿತ್ತು: 2,93,31,86,25,600. ಅದನ್ನು 23ರಿಂದ ಗುಣಿಸಿದರೆ ಪಟ್ಟಿಯ ಕೊನೆಯ ಸಂಖ್ಯೆಯೇ ಬರುತ್ತದೆ. ಮುಂದೆ ಬಂದ ಗಣಿತಜ್ಞರು ಅದನ್ನು ಗುರುತಿಸಿದರು. ರಾಮಾನುಜನ್ ಹೇಳಿದ್ದನ್ನೂ ಪರೀಕ್ಷಿಸಿಯೇ ಒಪ್ಪುವುದು ಗಣಿತದ ರೀತಿ. ಇದರಿಂದ ಅವರ ಗೌರವವೇನೂ ಕಡಿಮೆಯಾಗಲಿಲ್ಲ.

ಸಂಖ್ಯೆಯ ವಿಷಯದಲ್ಲಿ ತಪ್ಪಾದರೆ ಏನಾಯಿತು ಎನ್ನಬಹುದು. ಆದರೆ ಅರ್ಧ ಸತ್ಯ, ದೊಡ್ಡವರೊಬ್ಬರ ಹೆಸರು, ‘ಜಗತ್ತೇ ಬೆರಗಾಯಿತು’ ಎಂಬ ಮಾತು, ಇದೇ ಅಚ್ಚಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ ಎನ್ನುವ ಸಂದೇಶಗಳೂ ಬರುತ್ತವೆ. ಅವನ್ನು ಪರೀಕ್ಷಿಸಲು ವೈದ್ಯರು ಬೇಕು. ಇದಕ್ಕೆ ನಿಮ್ಮ ಫೋನಿನ ಕ್ಯಾಲ್ಕುಲೇಟರ್ ಸಾಕು: 5040 ಒತ್ತಿ, 1ರಿಂದ 10ರವರೆಗೆ ಭಾಗಿಸಿ ನೋಡಿ.

ಅಕ್ಕನ ಮಗಳು ಹಾಗೇ ಮಾಡಿದಳು. ಭಾಷಣದಲ್ಲಿ ‘ಏಕೈಕ’ ಅಳಿಸಿ ‘ಅತಿ ಚಿಕ್ಕ’ ಎಂದು ಬರೆದುಕೊಂಡಳು. ಬಿಟ್ಟುಹೋದ ಆ ಸಂಖ್ಯೆಯ ಕಥೆಯನ್ನೂ ಸೇರಿಸಿದಳು.