ಕಿವಿಯಿಂದ ಕಲಿತ ಮಾತೂ ಕಣ್ಣಿನಿಂದ ಕಲಿತ ಮಾತೂ

ಅನೇಕ ವರ್ಷಗಳ ಹಿಂದೆ ನಾವು ಬೇರೊಂದು ಶಾಲೆಯಲ್ಲಿ ಸೇವೆಯಲ್ಲಿದ್ದಾಗ, ಅಲ್ಲಿಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಕಾರ್ಯಕ್ರಮದ ಪಟ್ಟಿಯನ್ನು ಇಂಗ್ಲೀಷಿನಲ್ಲಿ ಓದಿದಳು. ಅತಿಥಿಗಳಿಗೆ ಹೂಗುಚ್ಛ ಅರ್ಪಿಸುವ ಸಾಲಿಗೆ ಬಂದಾಗ ‘ಬೊಕೆ’ ಎನ್ನಬೇಕಾದ ಶಬ್ದವನ್ನು ಕಾಗದದಲ್ಲಿ ಕಂಡ ಪ್ರಕಾರ ‘ಬುಕೆಟ್’ ಎಂದಳು. ಸಭೆಗೆ ಅದು ನೀರು ತುಂಬುವ ಬಕೆಟ್ಟಾಗಿ ಕೇಳಿಸಿತು. ನಗುವೆದ್ದಿತು, ವೇದಿಕೆಯ ಮೇಲಿದ್ದ ಹಿರಿಯರೂ ನಕ್ಕರು, ಹೇಳಲು ನಾಚಿಕೆಯಾಗುತ್ತದೆ, ನಾವೂ ನಕ್ಕೆವು. ಆ ಬಾಲಿಕೆಯು ಶಾಲೆ ಬಿಡುವ ವರೆಗೂ ತಿರಿಗಿ ಸಭೆಯಲ್ಲಿ ಬಾಯಿ ತೆರೆಯಲಿಲ್ಲ.

ಆಕೆಯ ಅಪರಾಧವಾದರೂ ಯಾವದು? ಬರೆದಂತೆ ಓದಬೇಕು, ಓದಿದಂತೆ ಬರೆಯಬೇಕು ಎಂದು ಕನ್ನಡ ಅಕ್ಷರಾಭ್ಯಾಸದ ದಿನದಿಂದ ನಾವೇ ಕಲಿಸಿದ್ದೆವು. ಆಕೆ ಅಕ್ಷರವನ್ನು ನಂಬಿದಳು. ಫ್ರೆಂಚ್ ಭಾಷೆಯಲ್ಲಾದರೋ ಶಬ್ದದ ಕೊನೆಯಲ್ಲಿರುವ ವ್ಯಂಜನವು ಬಹಳ ಸಾರಿ ಬರೆಯಲ್ಪಡುವದೇ ಹೊರತು ಉಚ್ಚರಿಸಲ್ಪಡುವದಿಲ್ಲ. ಹೆಬ್ರಿಯ ಪೇಟೆಯಲ್ಲಿ ಸರಕಾರೀ ಬಸ್ಸಿಗಾಗಿ ಕಾದು ನಿಂತ ಅಜ್ಜಿಯು ಎಂದೂ ‘ಡಿಪಾಟ್’ ಎನ್ನಲಾರಳು. ತಪ್ಪದೆ ‘ಡಿಪೋ’ ಎನ್ನುವಳು. ಆಕೆಗೆ ಇಂಗ್ಲೀಷಿನ ಒಂದಕ್ಷರವೂ ಬಾರದು, ಆದದರಿಂದಲೇ ಕೊನೆಯ ಅಕ್ಷರವು ಆಕೆಯನ್ನು ಮೋಸಗೊಳಿಸಲಿಲ್ಲ. ಕಿವಿಯಿಂದ ಕಲಿತವರು ಸರಿಯಾಗಿ ನುಡಿದು ತಪ್ಪಾಗಿ ಬರೆಯುವರು. ಕಣ್ಣಿನಿಂದ ಕಲಿತವರು ಸರಿಯಾಗಿ ಬರೆದು ತಪ್ಪಾಗಿ ನುಡಿಯುವರು. ನಮ್ಮ ಬಾಲಿಕೆಯರು ಇಂಗ್ಲೀಷನ್ನು ಬಹುಮಟ್ಟಿಗೆ ಕಣ್ಣಿನಿಂದಲೇ ಕಲಿಯುತ್ತಾರೆ.

ಫ್ರೆಂಚರು ನಮ್ಮ ನಾಡಿಗೆ ಬಾರದವರೇನೂ ಅಲ್ಲ. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದಲ್ಲಿ ಅವರಿದ್ದರು; ಇಂದಿನ ಪಾಂಡವಪುರವನ್ನು ಇಂಗ್ಲೀಷರು ‘ಫ್ರೆಂಚ್ ರಾಕ್ಸ್’ ಎಂದು ಕರೆದದ್ದು ಅದೇ ಕಾರಣದಿಂದ. ಆದರೆ ಅವರ ಶಬ್ದಗಳು ಹೆಚ್ಚಾಗಿ ಇಂಗ್ಲೀಷಿನ ಹೆಗಲೇರಿ ನಮ್ಮಲ್ಲಿಗೆ ಬಂದಿವೆ. ಹೊತ್ತು ತಂದವರೇ ಅವುಗಳನ್ನು ಸರಿಯಾಗಿ ಹಿಡಿದುಕೊಂಡಿರಲಿಲ್ಲವೆಂಬದನ್ನು ನಮ್ಮ ಜನರು ಅರಿಯರು. ಕಾಲು ಚಾಚಿ ಒರಗುವ ಉದ್ದ ಕುರ್ಚಿಗೆ ಫ್ರೆಂಚಿನಲ್ಲಿ ‘ಶೇಜ್ ಲಾಂಗ್’ ಎಂದು ಹೆಸರು, ಅರ್ಥವೂ ಅಷ್ಟೇ. ಇಂಗ್ಲೀಷು ಮಾತಾಡುವವರು ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ಅದನ್ನು ‘ಲೌಂಜ್’ ಮಾಡಿಬಿಟ್ಟರು, ಅಮೆರಿಕದ ನಿಘಂಟುಗಳಲ್ಲಿ ಈಗ ಅದಕ್ಕೂ ಸ್ಥಳ ದೊರಕಿದೆ. ‘ಇಗೋ ನೋಡಿ’ ಎಂಬರ್ಥದ ‘ವ್ವಾಲಾ’ ಎಂಬದನ್ನು ಬರೆಯಹೋಗಿ ‘ವಯೋಲಾ’ ಎಂಬ ತಂತಿವಾದ್ಯವನ್ನು ಬರೆಯುವವರು ಅನೇಕರು. ನಮ್ಮ ಮದುವೆಯ ಕರೆಯೋಲೆಗಳಲ್ಲಿ ಅಚ್ಚಾಗುವ ‘ಆರ್. ಎಸ್. ವಿ. ಪಿ.’ ಎಂಬದು ‘ದಯವಿಟ್ಟು ಉತ್ತರ ಕೊಡಿರಿ’ ಎಂಬ ಫ್ರೆಂಚ್ ವಾಕ್ಯದ ಮೊದಲಕ್ಷರಗಳು. ಅದರ ಮುಂದೆ ‘ಪ್ಲೀಸ್’ ಸೇರಿಸಿದರೆ ದಯೆ ಎರಡು ಸಾರಿಯಾಯಿತು. ನಮ್ಮ ಕಡೆಯಲ್ಲಂತೂ ಅದರ ಕೆಳಗೆ ಮಾವಂದಿರ, ಚಿಕ್ಕಪ್ಪಂದಿರ ಹೆಸರುಗಳನ್ನು ಸಾಲಾಗಿ ಕೊಡುವದರಿಂದ, ಅದು ‘ಕರೆಯುವವರು’ ಎಂಬದರ ಇಂಗ್ಲೀಷೆಂದು ತಿಳಿದವರೇ ಹೆಚ್ಚು.

ಇವೆಲ್ಲ ಅರಿಯದೆ ಆಗುವ ತಪ್ಪುಗಳು, ಇವುಗಳ ಮೇಲೆ ನಮಗೆ ಕೋಪವಿಲ್ಲ. ಇನ್ನೊಂದು ಬಗೆಯದಿದೆ. ಪ್ರಾಣ ಹೋಗುತ್ತಿರುವವನ ಸಂಕಟವನ್ನು ಮುಗಿಸುವ ಕೊನೆಯ ಏಟಿಗೆ ಫ್ರೆಂಚರು ‘ಕೂ ದ ಗ್ರಾಸ್’, ಅಂದರೆ ಕೃಪೆಯ ಏಟು, ಎನ್ನುವರು. ಫ್ರೆಂಚಿನಲ್ಲಿ ಕೊನೆಯಕ್ಷರ ಮೌನವೆಂದು ಅರ್ಧ ಕಲಿತ ಇಂಗ್ಲೀಷನು ಇಲ್ಲಿಯೂ ಅದನ್ನು ನುಂಗಿ ‘ಕೂ ದ ಗ್ರಾ’ ಎನ್ನುತ್ತಾನೆ. ‘ಗ್ರಾ’ ಎಂದರೆ ಕೊಬ್ಬು! ಏನೂ ತಿಳಿಯದವನು ಈ ತಪ್ಪನ್ನು ಮಾಡಲಾರನು. ತಿಳಿದವನಂತೆ ತೋರಬೇಕೆಂಬ ಆತುರವೂ, ತಪ್ಪೀತೆಂಬ ಭಯವೂ ಕೂಡಿದಲ್ಲಿ ಇದು ಹುಟ್ಟುತ್ತದೆ.

ಇಂಗ್ಲೀಷರನ್ನು ನೋಡಿ ನಗುವ ಮೊದಲು ನಮ್ಮ ಮಂಟಪಗಳ ಬಾಗಿಲನ್ನು ನೋಡೋಣ. ‘ಹಾರ್ಧಿಕ ಸ್ವಾಗತ’! ಹೃದಯದಲ್ಲಿ ಇಲ್ಲದ ಮಹಾಪ್ರಾಣವು ಹಾರ್ದಿಕದಲ್ಲಿ ಎಲ್ಲಿಂದ ಬಂತು? ಶುಭವಾದ ಆಶಯವೇ ಶುಭಾಶಯವಾಗಿರಲಾಗಿ, ಬರೆಯುವವರು ‘ಶುಭಾಷಯ’ವೆಂದು ಹೊಟ್ಟೆ ಸೀಳುವರು. ನಮ್ಮ ಬಾಲಿಕೆಯರೂ ‘ವಿಧ್ಯಾರ್ಥಿನಿ’ಯೆಂದು ಬರೆದುಕೊಂಡು ಬರುವದುಂಟು. ಮನೆಯಲ್ಲಿ ತುಳುವಾಡುವ ಮಗುವಿನ ಬಾಯಲ್ಲಿ ‘ಭಾರತ’ವು ‘ಬಾರತ’ವಾದಾಗ ನಾವು ತರಗತಿಯ ಮುಂದೆ ನಿಲ್ಲಿಸಿ ತಿದ್ದುವೆವು, ಉಳಿದವರು ನಗುವರು, ಮರುದಿನದಿಂದ ಆ ಮಗು ಕಂಡ ಕಂಡ ದಕಾರಕ್ಕೆಲ್ಲ ಹೊಟ್ಟೆ ಸೀಳತೊಡಗುವದು. ಮಂಟಪದ ‘ಹಾರ್ಧಿಕ’ವನ್ನು ಬರೆದವನೂ ಒಂದು ಕಾಲದಲ್ಲಿ ಹೀಗೆ ತರಗತಿಯ ಮುಂದೆ ನಿಂತವನೇ ಇರಬಹುದೆಂದು ನಮಗೆ ಅನೇಕ ಸಾರಿ ತೋರಿದೆ.

ಹಾಗಾದರೆ ಪರಭಾಷೆಯ ಶಬ್ದವು ಯಾವಾಗಲೂ ಪರರಂತೆಯೇ ನುಡಿಯಲ್ಪಡಬೇಕೋ? ಹಾಗೂ ಅಲ್ಲ. ಪೋರ್ಚುಗೀಸರ ‘ಮೆಸ’ವು ನಮ್ಮಲ್ಲಿ ಮೇಜಾಯಿತು, ‘ಶಾವೆ’ಯು ಚಾವಿಯಾಯಿತು, ‘ಇಗ್ರೇಜ’ವು ಇಗರ್ಜಿಯಾಯಿತು. ಇವುಗಳನ್ನು ತಿದ್ದಬೇಕೆಂದು ಯಾರೂ ಹೇಳರು. ಮನೆಯಲ್ಲಿ ಬಹುಕಾಲ ಉಂಡು ಮನೆಯವರಾದವು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿಗೆ ಬಂದ ‘ಟೇಬಲ್’, ‘ಜಡ್ಜ್’ ಮುಂತಾದ ಶಬ್ದಗಳ ಸಂಗತಿಯೂ ಇಂಥದೇ. ‘ಬೊಕೆ’ ಇನ್ನೂ ಅತಿಥಿ. ಅತಿಥಿಯ ಹೆಸರನ್ನು ಕೇಳಿ ತಿಳಿಯುವದು ಮರ್ಯಾದೆ. ಕೇಳುವದಕ್ಕೆ ಧೈರ್ಯ ಬೇಕು, ಆ ಧೈರ್ಯವನ್ನೇ ಅಂದಿನ ನಮ್ಮ ನಗು ಆ ಹುಡುಗಿಯಿಂದ ಕಸುಕೊಂಡಿತು.

ಈಗ ನಮ್ಮ ಕೊಠಡಿಯ ಮೇಜಿನ ಮೇಲೆ ಎರಡು ನಿಘಂಟುಗಳು ಸದಾ ತೆರೆದಿರುತ್ತವೆ: ಒಂದು ಉಚ್ಚಾರದ ಗುರುತುಳ್ಳ ಇಂಗ್ಲೀಷಿನದು, ಇನ್ನೊಂದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಹೊರತಂದ ಕಿಟ್ಟೆಲರ ಕನ್ನಡ ಕೋಶದ ಮರುಮುದ್ರಣ. ಹೋದ ತಿಂಗಳು ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ತನ್ನ ಅಕ್ಕನ ಮದುವೆಯೂಟದ ಅಚ್ಚಾದ ಪಟ್ಟಿಯನ್ನು ಹಿಡಿದುಕೊಂಡು ಬಂದು, ಮೇಲಣ ಮೊದಲನೆಯ ಶಬ್ದವನ್ನು ತೋರಿಸಿ, “ಟೀಚರ್, ಇದನ್ನು ಓದುವದು ಹೇಗೆ?” ಎಂದು ಕೇಳಿದಳು. ನಮಗೂ ನಿಶ್ಚಯವಿರಲಿಲ್ಲ, ಹಾಗೆಂದೇ ಹೇಳಿದೆವು. ಇಬ್ಬರೂ ಕೂಡಿ ಪುಟ ತಿರುವಿದೆವು. ‘ಓರ್ ಡರ್ವ್’, ಊಟದ ಮೊದಲು ಕೊಡುವ ಚಿಕ್ಕ ತಿನಿಸು. ಆಕೆ ಗಟ್ಟಿಯಾಗಿ ಎರಡು ಸಾರಿ ಹೇಳಿದಳು. ಮೂರನೆಯ ಸಾರಿ ನಾವು ಹೇಳಿದೆವು.