ಕಲಿಸದ ಪಾಠಕ್ಕೆ ಅಚ್ಚು ಹಾಕಿದ ‘ಎ’ ಗ್ರೇಡು!



ನಾನು ಲಿಂಗಸುಗೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನು. ಪಿಯುಸಿಗೆ ಓದು ನಿಲ್ಲಿಸಿದವನು. ಶಿಕ್ಷಣತಜ್ಞ ಖಂಡಿತ ಅಲ್ಲ. ಆದರೆ ಲಗ್ನಪತ್ರಿಕೆಯಿಂದ ಹಿಡಿದು ಶಾಲೆಯ ಪ್ರಗತಿಪತ್ರದವರೆಗೆ ಊರಿನದೆಲ್ಲ ನನ್ನ ಕೈಮೇಲೆ ಹಾದು ಹೋಗುತ್ತದೆ. ಹಾಗಾಗಿ ಕೆಲವು ಸತ್ಯಗಳು ದೊಡ್ಡವರಿಗಿಂತ ಮೊದಲು ನಮ್ಮಂಥವರ ಕಣ್ಣಿಗೆ ಬೀಳುತ್ತವೆ.

ಹೋದ ವರ್ಷ ಒಂದು ಶಾಲೆಯವರು ಪ್ರಗತಿಪತ್ರ ಅಚ್ಚು ಹಾಕಿಸಲು ಬಂದರು. ಹೆಸರು ಬರೆಯುವುದಿಲ್ಲ. ಕನ್ನಡ, ಗಣಿತ, ವಿಜ್ಞಾನದ ಮುಂದೆ ಖಾಲಿ ಚೌಕ. ಕೊನೆಯಲ್ಲಿ ಚಿತ್ರಕಲೆ, ಸಂಗೀತ ಎಂದು ಎರಡು ಸಾಲು. ಅವೆರಡರ ಮುಂದೆ ಮಾತ್ರ ‘ಎ’ ಎಂದು ಬರೆದಿತ್ತು. “ಸರ್, ಯಾರದೋ ಹುಡುಗಂದು ಗ್ರೇಡು ಹಂಗೇ ಉಳದೈತಿ” ಎಂದೆ. ಅವರು ನಕ್ಕರು. “ಇಲ್ರೀ, ಅದನ್ನ ಹಂಗೇ ಅಚ್ಚು ಹಾಕ್ರಿ. ಎಲ್ಲಾ ಹುಡುಗರಿಗೂ ಅದೇ. ಕೈಲೆ ಬರಿಯೋ ತ್ರಾಸು ತಪ್ಪತೈತಿ!”

ಚಿತ್ರ ಕಲಿಸುವ ಮಾಸ್ತರಿಲ್ಲ. ಹಾಡು ಕಲಿಸುವ ಟೀಚರಿಲ್ಲ. ಹಾರ್ಮೋನಿಯಂ ಇಲ್ಲ, ಬಣ್ಣದ ಡಬ್ಬಿ ಇಲ್ಲ. ಆದರೆ ಪ್ರತಿ ಮಗುವಿಗೂ ‘ಎ’ ಗ್ರೇಡು! ನಾನು ಅಚ್ಚು ಹಾಕಿದೆ. ದುಡ್ಡೂ ತೆಗೆದುಕೊಂಡೆ. ಈ ಸುಳ್ಳಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯ್ದೆ ಇದೆ, ಮಾಸ್ತರು ಎಲ್ಲಿ?

ಕಲೆ ಎಂದರೆ ಪುರಸೊತ್ತಿದ್ದವರ ಶೋಕಿ ಎಂದು ಹೇಳುವವರು ಸ್ವಲ್ಪ ಕಾಯ್ದೆ ತೆಗೆದು ನೋಡಲಿ. 2009ರಲ್ಲಿ ಮಾಡಿ 2010ರ ಏಪ್ರಿಲ್ 1ರಿಂದ ಜಾರಿಗೆ ತಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ: 6ರಿಂದ 8ನೇ ತರಗತಿಯವರೆಗಿನ ಮಕ್ಕಳು 100ಕ್ಕಿಂತ ಹೆಚ್ಚಿದ್ದರೆ ಕಲಾ ಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕ ಇರಲೇಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆಯನ್ನು ಒಂದು ವಿಷಯವಾಗಿಯೇ ಕಲಿಸಬೇಕೆಂದು ಹೇಳಿತು. ಇದು ಯಾರೋ ಕೊಡುವ ಭಿಕ್ಷೆಯಲ್ಲ, ಮಗುವಿನ ಹಕ್ಕು!

ಓದುಗರೇ, ನಿಮ್ಮ ಊರಿನ ಶಾಲೆಗೆ ಹೋಗಿ ಕೇಳಿ: ಆ ಬೋಧಕ ಎಲ್ಲಿದ್ದಾರೆ? ವೇಳಾಪಟ್ಟಿಯಲ್ಲಿ ಚಿತ್ರಕಲೆ ಎಂದು ಬರೆದ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ? ಹೆಚ್ಚು ಕಡೆ ಗಣಿತದ ಸ್ಪೆಶಲ್ ಕ್ಲಾಸು ನಡೆಯುತ್ತಿರುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಎಸ್ಸೆಸ್ಸೆಲ್ಸಿ ಪಟ್ಟಿಯ ತಳದಲ್ಲಿ ಬೀಳುತ್ತವೆ, ಅದಕ್ಕೇ ಹಾಡು-ಕುಣಿತ ಬಂದ್ ಎನ್ನುತ್ತಾರೆ. ಬಂದ್ ಮಾಡಿ ಇಷ್ಟು ವರ್ಷವಾಯಿತಲ್ಲ, ನಾವು ಪಟ್ಟಿಯ ತುದಿಗೆ ಹತ್ತಿದೆವೇನು?

ಕನ್ನಡ ಉಳಿದದ್ದು ಹಾಡಿನಲ್ಲಿ

ಕನ್ನಡದ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯರನ್ನು ಕೇಳಿ. 1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮರ ಕೈಯಲ್ಲಿತ್ತು. ಕಚೇರಿಯಲ್ಲಿ ಉರ್ದು, ಮೇಲಿನ ತರಗತಿಗಳಲ್ಲಿ ಉರ್ದು. ಉರ್ದು ಕೆಟ್ಟ ಭಾಷೆ ಅಂತಲ್ಲ. ನಮ್ಮದಕ್ಕೆ ಅಲ್ಲಿ ಜಾಗ ಇರಲಿಲ್ಲ. ಹಾಗಾದರೆ ಕನ್ನಡ ಎಲ್ಲಿ ಬದುಕಿತು? ಭಜನೆಯಲ್ಲಿ, ಬಯಲಾಟದಲ್ಲಿ, ತತ್ವಪದದಲ್ಲಿ, ಬೀಸುಕಲ್ಲಿನ ಮುಂದೆ. ನಮ್ಮ ಮುದಗಲ್ಲಿನ ಮೊಹರಂ ನೋಡಿ. ಹಿಂದೂ-ಮುಸ್ಲಿಂ ಎನ್ನದೆ ಜನ ಸೇರುತ್ತಾರೆ. ಕರ್ಬಲಾದ ದುಃಖವನ್ನು ನಮ್ಮ ಹಳ್ಳಿಯ ಜನ ಕನ್ನಡದ ರಿವಾಯತ್ ಪದದಲ್ಲಿ ಹಾಡುತ್ತಾರೆ. ಯಾವ ಸರ್ಕಾರಿ ಆದೇಶ ಈ ಕನ್ನಡವನ್ನು ಉಳಿಸಿತು, ಹೇಳಿ?

ಅದೇ ನಿಜಾಮರ ಕಾಲದಲ್ಲಿ ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ವೈದ್ಯರು, ಲೇಖಕರು, ಸಂಗೀತ ಬಲ್ಲವರು. ಅವರ ಮಗ ರಾಜೀವ ತಾರಾನಾಥರು ಇಂಗ್ಲಿಷ್ ಪ್ರಾಧ್ಯಾಪಕರೂ ಆದರು, ಜಗತ್ತು ಮೆಚ್ಚಿದ ಸರೋದ್ ವಾದಕರೂ ಆದರು. 2024ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಕಂಬನಿ ಮಿಡಿದೆವು. ಆದರೆ ಸಂಗೀತ ಓದಿಗೆ ಅಡ್ಡಿ ಎನ್ನುವವರು ಆ ಮನೆತನದಿಂದ ಏನು ಕಲಿತರು?

2014ರ ಮೇ 6ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ನಾವು ಬೀದಿಗಿಳಿದು ಕೂಗಿದೆವು. 2015ರಲ್ಲಿ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂತು. ಕನ್ನಡ ಒಂದು ವಿಷಯವಾಗಿ ಎಲ್ಲ ಶಾಲೆಗೂ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ದಿನಕ್ಕೆ ಒಂದು ಪೀರಿಯಡ್ಡು ಪ್ರಶ್ನೋತ್ತರ ಉರುಹೊಡೆದರೆ ಕನ್ನಡ ಮಗುವಿನ ಎದೆಗೆ ಇಳಿಯುತ್ತದೆಯೇ? ಅದೇ ಮಗುವಿಗೆ ಒಂದು ನಾಟಕದಲ್ಲಿ ಪಾತ್ರ ಕೊಡಿ. ಹತ್ತು ಪುಟದ ಮಾತು ತಾನೇ ಕಲಿಯುತ್ತದೆ, ಉಚ್ಚಾರ ತಾನೇ ತಿದ್ದಿಕೊಳ್ಳುತ್ತದೆ. ಇಂಗ್ಲಿಷ್ ಶಾಲೆಯಲ್ಲೂ ಕನ್ನಡ ನಾಟಕ ಆಡಿಸಲು ಯಾವ ಕೋರ್ಟು ಅಡ್ಡ ಬಂದಿದೆ?

ಕೈ ಕಲಿತದ್ದನ್ನು ತಲೆ ಮರೆಯದು

ನಾನು ಹುಡುಗನಿದ್ದಾಗ ನಮ್ಮಪ್ಪನ ಟ್ರೆಡಲ್ ಮಷೀನಿಗೆ ಸೀಸದ ಮೊಳೆ ಜೋಡಿಸುತ್ತಿದ್ದೆ. ಶಾಲೆಯಲ್ಲಿ ಒತ್ತಕ್ಷರಕ್ಕೆ ಏಟು ತಿಂದವನಿಗೆ ಒತ್ತಕ್ಷರ ಕಲಿಸಿದ್ದು ಆ ಮೊಳೆಗಳು. ಅಕ್ಷರವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಅದರ ರೂಪ ನೋಡಿದ್ದೆ. ಇದನ್ನೇ ದೊಡ್ಡವರು ಚಟುವಟಿಕೆಯ ಕಲಿಕೆ ಎಂದು ದೊಡ್ಡ ಹೆಸರಿಟ್ಟು ಕರೆಯುತ್ತಾರೆ.

ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ನಮ್ಮ ಮಕ್ಕಳು ಅದನ್ನು ಒಂದು ಮಾರ್ಕಿಗಾಗಿ ಬಾಯಿಪಾಠ ಮಾಡುತ್ತಾರೆ. ಅವರನ್ನು ಆ ಬಂಡೆಯ ಹತ್ತಿರ ಕರೆದೊಯ್ದು, ಬ್ರಾಹ್ಮಿ ಅಕ್ಷರ ನೋಡಿ ಬರೆಯಿರಿ ಎನ್ನಿ. ನಮ್ಮ ಕನ್ನಡ ಲಿಪಿಯ ಬೇರು ಅದರಲ್ಲೇ ಇದೆ ಎಂದು ತೋರಿಸಿ. ಒಂದೇ ದಿನದಲ್ಲಿ ಚಿತ್ರಕಲೆ, ಇತಿಹಾಸ, ಕನ್ನಡ ಮೂರೂ ಆಯಿತು.

ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ದಿಲ್ಲಿಗೆ ಕಂಡ ಆ ಕಲೆ ನಮ್ಮ ಶಾಲೆಗಳಿಗೆ ಏಕೆ ಕಾಣುವುದಿಲ್ಲ? ಪರದೆಯ ಹಿಂದೆ ದೀಪ ಇಟ್ಟು ಗೊಂಬೆಯನ್ನು ದೀಪದ ಹತ್ತಿರ ತಂದರೆ ನೆರಳು ದೊಡ್ಡದಾಗುತ್ತದೆ, ಪರದೆಗೆ ತಾಗಿಸಿದರೆ ಚಿಕ್ಕದಾಗಿ ಸ್ಪಷ್ಟವಾಗುತ್ತದೆ. ಬೆಳಕಿನ ಪಾಠ ಅಲ್ಲೇ ಇದೆ. ಕಥೆ, ಹಾಡು, ಬಣ್ಣ, ಕತ್ತರಿಯ ಕೆಲಸ ಎಲ್ಲ ಅಲ್ಲೇ ಇವೆ.

“ಕುಣಿದರೆ ನೌಕರಿ ಸಿಗತೈತೇನು?” ಎಂದು ತಂದೆ-ತಾಯಿ ಕೇಳುತ್ತಾರೆ. ಬಡವನ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಆದರೆ ಅಣ್ಣಾ, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವ ಹುಡುಗನಿಗೆ ಇಂಟರ್‌ವ್ಯೂನಲ್ಲಿ ನೌಕರಿ ಯಾರು ಕೊಡುತ್ತಾರೆ? ಸಾಹುಕಾರರ ಮಕ್ಕಳು ದುಡ್ಡು ಕೊಟ್ಟು ಡ್ಯಾನ್ಸು, ಡ್ರಾಯಿಂಗು ಕಲಿಯುತ್ತಿದ್ದಾರೆ. ಶಾಲೆಯಲ್ಲಿ ಬಂದ್ ಆದರೆ ನಷ್ಟ ಯಾರಿಗೆ? ಕೂಲಿಯವರ ಮಕ್ಕಳಿಗೆ, ಗುಳೆ ಹೋಗಿ ಬಂದವರ ಮಕ್ಕಳಿಗೆ!

ವರ್ಷಕ್ಕೊಮ್ಮೆ ಗ್ಯಾದರಿಂಗ್ ಮಾಡುತ್ತೇವಲ್ಲ ಎನ್ನುತ್ತಾರೆ. ಸಿನಿಮಾ ಹಾಡು ಹಚ್ಚಿ, ಬಾಡಿಗೆ ಡ್ರೆಸ್ಸಿಗೆ ದುಡ್ಡು ಕೊಟ್ಟವರ ಮಕ್ಕಳನ್ನಷ್ಟೇ ಕುಣಿಸುವುದು ಶಿಕ್ಷಣವಲ್ಲ. ಉಳಿದ ಮಕ್ಕಳು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ.

ನಾವೇನು ಕಡಿಮೆ? ನವೆಂಬರ್ 1ಕ್ಕೆ ಡಿಜೆ ತಂದು ಗೋಡೆ ನಡುಗಿಸಿ ಕನ್ನಡ ಉಳಿಸಿದೆವು ಎಂದು ಬೀಗುತ್ತೇವೆ. ಆ ಡಿಜೆಯ ಬಾಡಿಗೆಯಲ್ಲಿ ಒಂದು ಶಾಲೆಗೆ ಹಾರ್ಮೋನಿಯಂ, ತಬಲಾ ಕೊಡಿಸಬಹುದಿತ್ತು.

ನಮ್ಮ ಬೇಡಿಕೆ ಇಷ್ಟೇ. ಕಾಯ್ದೆ ಹೇಳಿದ ಕಲಾ ಬೋಧಕರನ್ನು ನೇಮಿಸಿ, ಸಂಬಳವನ್ನು ತಿಂಗಳಿಗೆ ಸರಿಯಾಗಿ ಕೊಡಿ. ಬಯಲಾಟದ ಮಾಸ್ತರರನ್ನು, ರಿವಾಯತ್ ಹಾಡುವವರನ್ನು, ಗೊಂಬೆಯಾಡಿಸುವವರನ್ನು ಗೌರವಧನ ಕೊಟ್ಟು ಶಾಲೆಗೆ ಕರೆಸಿ. ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿನಲ್ಲಿ ಕಟ್ಟಡದ ಜೊತೆಗೆ ವಾದ್ಯ, ಬಣ್ಣವೂ ಬರಲಿ. ಸಂಘಟನೆಯ ಗೆಳೆಯರೇ, ಈ ಮನವಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಜಿನ ಮೇಲೆ ಇಡೋಣ. ಅದರ ಅಚ್ಚಿನ ಖರ್ಚು ನನ್ನದು.

ಇನ್ನೊಂದು ಮಾತು. ಬರುವ ವರ್ಷವೂ ಪ್ರಗತಿಪತ್ರದ ಆರ್ಡರು ಬರುತ್ತದೆ. ಚಿತ್ರಕಲೆ, ಸಂಗೀತದ ಚೌಕ ಖಾಲಿ ಇಟ್ಟೇ ಅಚ್ಚು ಹಾಕುತ್ತೇನೆ. ಬೇಡವಾದವರು ಬೇರೆ ಪ್ರೆಸ್ಸಿಗೆ ಹೋಗಲಿ. ಆ ಚೌಕವನ್ನು ತುಂಬಬೇಕಾದವರು ಮಾಸ್ತರರು, ಮಷೀನಲ್ಲ!