ಊರಿನ ರಜೆ, ಮಲ್ಪೆಯ ದ್ವೀಪ: ಮೇ ಕೊನೆ ಬೇಡ

ಪುಣೆ: ಬೇಸಿಗೆ ರಜೆ ಬಂತೆಂದರೆ ಇಲ್ಲಿನ ಕರಾವಳಿ ಮೂಲದ ಕುಟುಂಬಗಳು ಊರಿಗೆ ಹೊರಡುತ್ತವೆ. ಕೋಲ, ಮದುವೆ, ಉಪನಯನ ಮುಗಿಸಿ ಉಳಿದ ಕೊನೆಯ ಎರಡು ದಿನ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ. ಲೆಕ್ಕ ತಪ್ಪುವುದು ಇಲ್ಲೇ. ಪತ್ತನಾಜೆ ಹತ್ತಿರವಾದಂತೆ ಕಡಲು ಯಾರ ಮಾತೂ ಕೇಳದು. 2021ರಲ್ಲಂತೂ ಮೇ ಮಧ್ಯದಲ್ಲೇ ತೌಕ್ತೆ ಚಂಡಮಾರುತ ಉಡುಪಿ ತೀರವನ್ನು ಕಾಡಿತ್ತು. ಮಳೆಗಾಲವಿಡೀ ದ್ವೀಪಕ್ಕೆ ಬೋಟ್ ಇಲ್ಲ. ದೀಪಾವಳಿ ರಜೆಯನ್ನೂ ಪೂರ್ತಿ ನಂಬುವಂತಿಲ್ಲ, 2019ರಲ್ಲಿ ಕ್ಯಾರ್ ಎದ್ದದ್ದು ಹಬ್ಬದ ದಿನಗಳಲ್ಲೇ. ಡಿಸೆಂಬರ್ ರಜೆ ಚಿಕ್ಕದು, ಆದರೆ ಆಗ ಕಡಲು ಶಾಂತ. ಹಾಗೆಂದು ಬಂಡೆಯಿಂದ ನೀರಿಗಿಳಿಯಬಾರದು: 2022ರ ಏಪ್ರಿಲ್‌ನಲ್ಲಿ, ಮಳೆಗಾಲವಲ್ಲದ ಹೊತ್ತಿನಲ್ಲೇ, ಕೇರಳದ ಮೂವರು ವಿದ್ಯಾರ್ಥಿಗಳು ಅಲ್ಲಿ ಸಮುದ್ರಪಾಲಾದರು. ಸಂಘದ ಪ್ರವಾಸ ಗೊತ್ತುಮಾಡುವವರು ರೈಲು ಟಿಕೆಟಿಗಿಂತ ಮೊದಲು ಮಲ್ಪೆಯ ಬೋಟಿನವರಿಗೆ ಫೋನ್ ಮಾಡಲಿ.